ಪಿಯೆವೆರಿವಾದ ಮಾವ

ಪಿಯೆವೆರಿವಾ, ಪೋ ನದಿಯ ಮೇಲ್ದಂಡೆ
ಫೆಬ್ರವರಿ ಮೂವತ್ತು, ೨೧೮೪

ಹಿಂದಿನ ಕಾಲದ ಕನ್ನಡ ಬಂಧುಗಳಿಗೆ ನೀಲವ್ವ ತೊರೆಲ್ಲಿಯ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಬೇಸಿಗೆಯ ದಿನಗಳನ್ನು ಕಿತ್ತು ಫೆಬ್ರವರಿಗೆ ಸೇರಿಸಿಕೊಂಡು ನಮಗೆ ಬಹಳ ಕಾಲವಾಯಿತು. ಸೆಕೆ ಕಡಿಮೆಯಾಗಲಿಲ್ಲ, ಆ ಮಾತು ಬೇರೆ. ನನ್ನ ಮಾತಿಗೆ ಅಲ್ಲಲ್ಲಿ ಇಟಲಿಯ ಮಣ್ಣು ಅಂಟಿದ್ದರೆ ಮನ್ನಿಸಿ. ನಮ್ಮ ಮನೆತನದ ಹಿರಿಯಳು ಗಂಗವ್ವ ನಿಮ್ಮ ಕಾಲದಲ್ಲೇ ಅಥಣಿ ಕಡೆಯಿಂದ ಇಲ್ಲಿನ ಹಾಲಿನ ಕೊಟ್ಟಿಗೆಗಳಿಗೆ ಬಂದವಳು. ಅವಳು ತಂದ ಕನ್ನಡ ಇದು, ಮನೆಯೊಳಗೆ ಬಳಸಿ ಬಳಸಿ ಸವೆದಿದೆ.

ನಾನು ಹೇಳಬೇಕಾದದ್ದು ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ. ಅದನ್ನು ಕಟ್ಟಿದವರು ಇಟ್ಟಿಗೆ ಭಟ್ಟಿಯ ಕೂಲಿಗಳು, ಹಾಗಾಗಿ ಅಂಗಿಯ ಬಣ್ಣ ಇಟ್ಟಿಗೆಗೆಂಪು. ಹೇಳಿಕೊಳ್ಳುವಂಥ ಕಪ್ ಯಾವುದೂ ಬರಲಿಲ್ಲ. ಒಮ್ಮೆ ಎರಡನೆಯ ದರ್ಜೆಗೆ ಏರಿ ಮರುವರ್ಷವೇ ಇಳಿಯಿತು. ಆ ಒಂದು ವರ್ಷದ ಬಗ್ಗೆ ಊರವರು ಇವತ್ತಿಗೂ ನಿನ್ನೆ ನಡೆದ ಹಾಗೆ ಮಾತಾಡುತ್ತಾರೆ. ದಿವಾಳಿಯಾಗಿ ಮುಚ್ಚಿದಾಗಲೆಲ್ಲ ಹಿಂದೆ ಮುಂದೆ ಏನಾದರೊಂದು ಪದ ಅಂಟಿಸಿಕೊಂಡು ಮತ್ತೆ ಎದ್ದಿತು, ಆದರೆ ಪಿಯೆವೆರಿವಾ ಎಂಬ ಹೆಸರು ಬಿಡಲಿಲ್ಲ. ನಮ್ಮವರು ಕುಖ್ಯಾತರಾಗಿದ್ದದ್ದು ರೆಫರಿಗಳ ವಿಷಯದಲ್ಲಿ. ತೀರ್ಪು ಹಿಡಿಸದಿದ್ದರೆ ಬೇಲಿ ಹಾರುತ್ತಿದ್ದರು. ಒಬ್ಬ ರೆಫರಿಯಂತೂ ಬಟ್ಟೆ ಒಗೆಯುವವರ ಗಾಡಿಯಲ್ಲಿ, ಬೆವರಿನ ಅಂಗಿಗಳ ಕೆಳಗೆ ಅಡಗಿ ಊರು ಬಿಟ್ಟನಂತೆ.

ಗಂಗವ್ವ ಮೊದಲ ಸಲ ಆಟ ನೋಡಲು ಹೋದಾಗ ಇಡೀ ಗ್ಯಾಲರಿ ಎದ್ದು ನಿಂತು ರೆಫರಿಯತ್ತ ಕೈ ಬೀಸಿ ‘ಮಾ ವಾ!’ ಎಂದು ಅರಚುತ್ತಿತ್ತು. ಇಲ್ಲಿನ ಭಾಷೆಯಲ್ಲಿ ಅದಕ್ಕೆ ‘ಹೋಗೋಗಯ್ಯಾ’ ಎಂಬಂಥ ಅರ್ಥ. ಅವಳ ಕಿವಿಗೆ ಬಿದ್ದದ್ದು ಮಾವ. ಇಷ್ಟು ಸಿಟ್ಟಿನಲ್ಲೂ ಮಾವ ಎನ್ನುತ್ತಾರಲ್ಲ, ಎಂಥ ಮರ್ಯಾದಸ್ಥ ಮಂದಿ ಎಂದುಕೊಂಡಳು ಪುಣ್ಯಾತ್ಗಿತ್ತಿ. ಮಾವನಿಗೆ ಬಾಯಾರಿರಬೇಕೆಂದು ಮುಂದಿನ ವಾರ ಅರ್ಧ ವಿರಾಮದಲ್ಲಿ ತಲೆ ತುಂಬ ಸೆರಗು ಹೊದ್ದು ತಂಬಿಗೆಯಲ್ಲಿ ಮಜ್ಜಿಗೆ ಒಯ್ದಳು. ಊರು ನಕ್ಕಿತು. ಕಾರಣ ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆದರೆ ತಮ್ಮೆದುರೇ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡವನನ್ನು ಹೊಡೆಯಲು ಯಾರಿಗೂ ಕೈ ಬರಲಿಲ್ಲ. ಅದೇ ವಾಡಿಕೆಯಾಯಿತು. ಎಷ್ಟು ಬೈದರೂ ವಿರಾಮದಲ್ಲಿ ಮಜ್ಜಿಗೆ ತಪ್ಪಲಿಲ್ಲ, ಊರಿನ ಇಟಾಲಿಯನ್ನಿನಲ್ಲೂ ರೆಫರಿಗೆ ಮಾವ ಎಂಬುದೇ ಹೆಸರಾಯಿತು.

ಈಗ ನಾವು ಆಡುವುದು ತಂಪುಹೊತ್ತಿನಲ್ಲಿ, ಅಂದರೆ ನೆಲ ಬರಿಗಾಲಿಗೆ ಸುಡದಷ್ಟು ಆರಿದ ಮೇಲೆ. ಗಂಡು ಹೆಣ್ಣು ಒಂದೇ ತಂಡ. ತೀರ್ಪು ಕೊಡುವುದು ಕಣ್ಗಂಬ. ಮೈದಾನದ ಸುತ್ತ ನೆಟ್ಟ ಈ ಕಂಬಗಳು ಎಲ್ಲವನ್ನೂ ನೋಡುತ್ತವೆ, ಯಾರ ಮಾತನ್ನೂ ಕೇಳುವುದಿಲ್ಲ. ಕಂಬಕ್ಕೆ ಬೈದು ಏನು ಸುಖ ಹೇಳಿ.

ಹೋದ ವರ್ಷ ನದಿ ಎದುರು ದಂಡೆಯ ಕಸಾಲ್‌ವೆರ್ದೆಯ ಮೈದಾನವನ್ನು ನುಂಗಿತು. ಎರಡು ಊರಿಗೆ ಒಂದೇ ಕ್ಲಬ್ ಸಾಕು ಎಂದು ಮೇಲಿನವರು ಅಪ್ಪಣೆ ಮಾಡಿದರು. ಒಂದು ಪಂದ್ಯ; ಗೆದ್ದವರ ಹೆಸರು ಉಳಿಯುತ್ತದೆ, ಸಮವಾದರೆ ಹಳೆಯ ಕ್ಲಬ್ಬೆಂದು ನಮ್ಮದು. ಆದರೆ ಪ್ರವಾಹದ ನೀರು ಹೊಕ್ಕು ನಮ್ಮ ಕಣ್ಗಂಬಗಳೂ ಕುರುಡಾಗಿದ್ದವು. ಎರಡೂ ಊರಲ್ಲಿ ಸೀಟಿ ಊದಿ ಬಲ್ಲವರು ಒಬ್ಬರೇ ಉಳಿದಿದ್ದರು: ನನ್ನ ಗಂಡನ ತಂದೆ, ನನಗೆ ನಿಜಕ್ಕೂ ಮಾವ, ಎರ್ಮೆತೆ. ನಮ್ಮೂರಿನವರೇ. ಆಚೆ ದಂಡೆಯವರು ಒಂದೇ ಷರತ್ತಿಗೆ ಒಪ್ಪಿದರು, ಆ ದಿನ ಮಜ್ಜಿಗೆ ಕೊಡಕೂಡದು.

ಆಟ ಮುಗಿಯುವ ಹೊತ್ತಿಗೆ ನಾವು ಒಂದು ಗೋಲು ಹಿಂದಿದ್ದೆವು. ಗೋಲಿನ ಮುಂದಿನ ನೂಕುನುಗ್ಗಲಿನಿಂದ ನನ್ನ ಮಗಳು ಭಾಗವ್ವ ಚೆಂಡನ್ನು ಒಳಗೆ ತಳ್ಳಿದಳು. ನಾವು ಅತ್ತೇಬಿಟ್ಟೆವು, ಹೆಸರು ಉಳಿಯಿತೆಂದು. ಆಗ ಮಾವನ ಸೀಟಿ ಕೇಳಿತು. ಚೆಂಡು ಕೈಗೆ ತಾಗಿದೆ, ಗೋಲಲ್ಲ. ಆಚೆ ದಂಡೆಯವರು ಕೂಡ ಅದನ್ನು ಕಂಡಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಮಾವ ಮನೆಗೆ ಬಂದೊಡನೆ ಅವರ ಮೇಲೆ ಹರಿಹಾಯ್ದೆ. ಮೊಮ್ಮಗಳ ಗೋಲು, ನಿಮ್ಮಪ್ಪ ಆಡಿದ ಕ್ಲಬ್ಬು, ಒಂದು ಸೀಟಿ ನುಂಗಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಅವರು ಬಗ್ಗಿ ಬೂಟು ಬಿಚ್ಚುತ್ತಿದ್ದರು. ಮಾತಾಡಿದವಳು ಭಾಗವ್ವ.

“ಅವ್ವಾ, ಅಜ್ಜಗ ಬೈಬ್ಯಾಡ. ಕೈಗೆ ಬಡಿದಿತ್ತು.”

ಮಾರನೆಯ ದಿನ ಊರ ಚೌಕದಲ್ಲಿ ನಿಂತು ಅದನ್ನೇ ಹೇಳಿದಳು. ಊರು ನಂಬಿತು. ಮಗುವಿನ ಬೆನ್ನು ತಟ್ಟಿತು ಕೂಡ. ಬೇಲಿಯನ್ನು ಯಾರೂ ಹಾರಲಿಲ್ಲ, ನಮ್ಮ ಮನೆಗೆ ಕಲ್ಲು ಬೀಳಲಿಲ್ಲ. ಹೆಸರು ಮಾತ್ರ ಹೋಯಿತು. ಈಗ ನಮ್ಮ ಮೈದಾನದಲ್ಲೇ ಹಸಿರು ಅಂಗಿ ಹಾಕಿಕೊಂಡು ಕಸಾಲ್‌ವೆರ್ದೆ ಆಡುತ್ತದೆ, ಹೊಸ ಕಣ್ಗಂಬಗಳೂ ಬಂದಿವೆ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮೂರ ಮೈದಾನದಲ್ಲಿ ಸೀಟಿ ಹಿಡಿದ ಮನುಷ್ಯ ಇನ್ನೂ ಇದ್ದಾನೆ. ಹೋಗಿ, ಬಾಯ್ತುಂಬ ಬೈಯಿರಿ, ನಿಮ್ಮವನೆಂದು ಬೈಯಿರಿ. ನಮ್ಮ ಮಾವನನ್ನು ಆ ದಿನದಿಂದ ಊರಲ್ಲಿ ಯಾರೂ ಬೈದಿಲ್ಲ. ನಿನ್ನೆ ರೊಟ್ಟಿ ಅಂಗಡಿಯಲ್ಲಿ, ಚಿಕ್ಕಂದಿನಿಂದ ಅವರ ಜೊತೆ ಆಡಿ ಬೆಳೆದವರೊಬ್ಬರು ಬಹಳ ಮರ್ಯಾದೆಯಿಂದ ಪಕ್ಕಕ್ಕೆ ಸರಿದು, ಗುರುತಿಲ್ಲದ ಯಜಮಾನರಿಗೆ ಹೇಳುವ ಹಾಗೆ ‘ಬನ್ನಿ, ಸಿಞೋರೆ’ ಎಂದು ದಾರಿ ಬಿಟ್ಟರಂತೆ. ಮಾವ ರೊಟ್ಟಿ ಕೊಳ್ಳದೆ ಮನೆಗೆ ಬಂದರು.