ನಿನ್ನ ಪೆಟ್ರೋಲ್, ನನ್ನ ಡೀಸೆಲ್

ದೋಸ್ತ ಕುಬೇರ,

ಇದು ನಿನಗೆ ಮುಟ್ಟುವುದಿಲ್ಲ, ಗೊತ್ತು. ಪೆಟ್ರೋಲ್ ಗಾಡಿ ನಿನಗೆ, ಡೀಸೆಲ್ ನನಗೆ ಎಂದು ಜಗಳವಾಡಿ ಗ್ಯಾರೇಜಿನ ನಡುವೆ ಗೋಡೆ ಎತ್ತಿದೆವಲ್ಲ, ನೀನು ವಿಳಾಸ ಕೊಡದೆ ಗಂಗಾವತಿ ಬಿಟ್ಟ ಮೇಲೂ ನಾನು ಪೆಟ್ರೋಲ್ ಗಾಡಿ ಮುಟ್ಟಿರಲಿಲ್ಲ.

ಇವತ್ತು ದ್ರಾಕ್ಷಾಯಿಣಿ ಟೀಚರ ಹೊಸ ಕಾರು ಬಿಸಿಯಾಗಿ ನಮ್ಮ ಬಾಗಿಲಲ್ಲೇ ನಿಂತಿತು.

“ಪೆಟ್ರೋಲ್ ನನಗ ಬರಂಗಿಲ್ರಿ,” ಎಂದೆ.

“ಕಂಪನಿಯವರು ಪೆಟ್ರೋಲಿಗೂ ಡೀಸೆಲ್ಲಿಗೂ ಒಂದ ನಮೂನಿ ಎಂಜಿನ್ ಮಾಡ್ಯಾರಂತ. ತಗದರ ನೋಡ್ರಿ,” ಎಂದರು.

ಬಾನೆಟ್ ಎತ್ತಿದೆ. ಸೋರುತ್ತಿದ್ದ ವಾಟರ್ ಪಂಪು ನನ್ನ ಡೀಸೆಲ್ಲಿನಲ್ಲಿ ಇರುವ ಜಾಗದಲ್ಲೇ ಇತ್ತು, ಬೋಲ್ಟುಗಳೂ ಅವೇ. ಕೈ ತಾನಾಗಿ ನಡೆಯಿತು. ಕಾರು ಹೊರಟಾಗ ಎದೆ ಹಗುರಾಯಿತು.

ಬೇರೆ ಕಂಡದ್ದು ಡೀಸೆಲ್ಲಿಗಿಲ್ಲದ, ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಷ್ಟೇ. ಅಷ್ಟಕ್ಕೆ ಎಷ್ಟೊಂದು ಇಟ್ಟಿಗೆ ತರಿಸಿದ್ದೆವು.

ನಾಳೆಯಿಂದ ನಿನ್ನ ಕಡೆಯ ಶಟರನ್ನೂ ಎತ್ತುತ್ತೇನೆ.