ಉಳಿದ ಮೀನು

ಅಮ್ಮಾ,

ನೀನು ಹೋಗಿ ಎರಡು ವರ್ಷವಾದ ಮೇಲೆ, ಪಾದರಸದ ರೂಪಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ನಮ್ಮ ಲ್ಯಾಬಿಗೆ ಬಂತು. ನೀನಿದ್ದಾಗ ಕೆರೆಯಿಂದ ತಂದು ಫ್ರೀಜರಿನಲ್ಲಿಟ್ಟಿದ್ದ ಮೀನಿನ ತುಂಡುಗಳನ್ನೇ ಇಂದು ಪರೀಕ್ಷಿಸಿದೆ. ಆ ಕೆರೆಯ ನೀರು ಚೆನ್ನಾಗಿದೆಯೆಂದು ಆಗ ಸಹಿ ಹಾಕಿದವನು ನಾನೇ. ಮೀನಿನಲ್ಲಿ ಮಾತ್ರ ನರಗಳನ್ನು ಕೆಡಿಸುವ ಮೀಥೈಲ್ ಪಾದರಸ ತುಂಬಿತ್ತು.

ಪರೀಕ್ಷೆಗೆ ನಮಗೆ ಬೇಕಿದ್ದದ್ದು ಮೀನಿನ ಬೆನ್ನಿನ ಒಂದು ತುಂಡು. ಉಳಿದ ಮೀನನ್ನು ವಾರವಾರವೂ ನಿನಗೆ ತರುತ್ತಿದ್ದೆ. “ನೀನೂ ಒಂಚೂರು ತಿನ್ನೋ” ಎಂದು ನೀನು ಕರೆದರೆ, “ದಿನವಿಡೀ ಅದನ್ನೇ ಕೊಯ್ದು ಸಾಕಾಗಿದೆ, ನೀನೇ ತಿನ್ನು” ಎನ್ನುತ್ತಿದ್ದೆ. ನಿನ್ನ ಕೈ ನಡುಗಿ ಲೋಟ ಬಿದ್ದಾಗಲೆಲ್ಲ, ವಯಸ್ಸಾಯಿತೆಂದು ರೇಗಿದೆ.

“ಇನ್ಮೇಲೆ ಯಾರೂ ಮೀನು ಮನೆಗೆ ತಗೊಂಡು ಹೋಗ್ಬೇಡಿ” ಎಂದರು ಇಂದು ಫಲಿತಾಂಶ ನೋಡಿದ ಲ್ಯಾಬಿನ ಸಾಹೇಬರು. ಎಲ್ಲರ ಜೊತೆ ನಾನೂ ತಲೆಯಾಡಿಸಿದೆ.

ಈ ಅಕ್ಷರ ನೋಡಮ್ಮ, ಎಷ್ಟು ದುಂಡಗಿದೆ. ನನ್ನ ಕೈ ಒಂದಿಷ್ಟೂ ನಡುಗುತ್ತಿಲ್ಲ.