ಮೇಣದ ಕಾಲು

ಅಲ್ ಖೋರ್, ಕತಾರ್
ಅಕ್ಟೋಬರ್ 2007

ಪ್ರೀತಿಯ ಪೂವಕ್ಕನಿಗೆ ಫ್ಲೋರಿನಳ ನಮಸ್ಕಾರ.

ಇಲ್ಲಿ ಆಸ್ಪತ್ರೆಯಲ್ಲಿದ್ದ ನಿಮ್ಮ ಮಗ ವಿಕಾಸನ ಕಾಲು ಗುಣವಾಗಲೆಂದು ನೀವು ನನ್ನ ಗಂಡ ಲಿಯೋ ಕೈಯಲ್ಲಿ ಕಳಿಸಿದ್ದ ಹರಕೆಯ ಮೇಣದ ಕಾಲನ್ನು ಸ್ಪೇನ್ ಯಾತ್ರೆಗೆ ಒಯ್ದಿದ್ದೆ. ಒಂದೇ ದಿನ ಮೂರು ಹಳೆಯ ಇಗರ್ಜಿಗಳನ್ನು ತೋರಿಸಿದರು. ಮೊದಲಿನ ಎರಡರಲ್ಲಿ ಹರಕೆ ಇಡುವ ಜಾಗವೇ ಇರಲಿಲ್ಲ. ಮೇಣದಬತ್ತಿಯೂ ಇಲ್ಲ, ನಾಣ್ಯ ಹಾಕಿದರೆ ಉರಿಯುವ ಬಲ್ಬು ಅಷ್ಟೇ. ಮೂರನೆಯದರ ಮೆಟ್ಟಿಲು ಹತ್ತುವಾಗ ಲಿಯೋ ಫೋನ್ ಮಾಡಿದರು.

"ಆಸ್ಪತ್ರೆಯಿಂದ ಹೇಳಿದ್ರು ಫ್ಲೋರಿನ್. ವಿಕಾಸ್ ಹೋದ."

ಒಳಗೆ ಸಂತನ ಪಕ್ಕದ ಗೋಡೆಯ ತುಂಬ ಮೇಣದ ಕೈಕಾಲುಗಳು ತೂಗುತ್ತಿದ್ದವು, ನಮ್ಮೂರಿನವೇ ಎನ್ನುವ ಹಾಗೆ. ಗುಣವಾದವರು ಕಟ್ಟಿಹೋದದ್ದು ಎಂದಳು ಗೈಡ್. ನಮ್ಮದನ್ನು ವಾಪಸ್ ತರಲು ಮನಸ್ಸು ಬರಲಿಲ್ಲ. ಅವುಗಳ ನಡುವೆಯೇ ಕಟ್ಟಿ ಬಂದೆ.

ವಿಕಾಸನನ್ನು ಕರೆದುಕೊಂಡು ಬರುವ ಲಿಯೋ ಕೈಯಲ್ಲೇ ಈ ಪತ್ರ ಕೊಡುತ್ತಿದ್ದೇನೆ. ಅವನ ಬ್ಯಾಗನ್ನು ನೀವೊಬ್ಬರೇ ಇದ್ದಾಗ ತೆರೆಯಬೇಡಿ. ಅದರಲ್ಲಿ ಶೂ ಇದೆ, ಎಡಗಾಲಿನದು ಹೊಸದಾಗಿಯೇ ಉಳಿದಿದೆ.

ಹರಕೆ ಬಾಕಿ ಉಳಿಯಿತೆಂದು ಕೊರಗಬೇಡಿ. ನಿಮ್ಮ ಕಡೆಯಿಂದ ಏನೂ ಬಾಕಿ ಇಲ್ಲ ಪೂವಕ್ಕ. ಬಾಕಿ ಇರುವುದು ಆ ಸಂತನ ಕಡೆಯಿಂದ.

ನಿಮ್ಮ ನೆರೆಮನೆಯ
ಫ್ಲೋರಿನ್